ಮಳೆ ಎಲ್ಲಿಂದ ಬರುತ್ತದೆ, ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಮಲೆನಾಡಿನ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಜಲಚಕ್ರದ ಪಾಠ ಬಂದಾಗ ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ಒಂದು ಸಮುದ್ರ, ಒಂದು ಮೋಡ, ಒಂದು ಗುಡ್ಡ, ಒಂದು ನದಿ, ನಾಲ್ಕು ಬಾಣದ ಗುರುತು. ಮಕ್ಕಳು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಆಮೇಲೆ ಕಿಟಕಿಯ ಆಚೆ ಸುರಿಯುವ ಮಳೆ ನೋಡಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಆ ಪ್ರಶ್ನೆಗಳಿಗೆ ಚಿತ್ರದಲ್ಲಿ ಉತ್ತರ ಇರುವುದಿಲ್ಲ. ಅಂಥವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾಲ್ಕು, ಐದನೇ ತರಗತಿಯವರು ತಾವೇ ಓದಿಕೊಳ್ಳಬಹುದು. ಚಿಕ್ಕವರಿಗೆ ಅಮ್ಮನೋ ಅಜ್ಜನೋ ಓದಿ ಹೇಳಲಿ.

ಜಲಚಕ್ರ ಅಂದರೆ ಏನು?

ಬಿಸಿಲಿಗೆ ನೀರು ಆವಿಯಾಗಿ ಮೇಲೆ ಹೋಗುತ್ತದೆ. ಮೇಲೆ ತಂಪಾಗಿ ಮೋಡವಾಗುತ್ತದೆ. ಮೋಡ ಮಳೆಯಾಗಿ ಸುರಿಯುತ್ತದೆ. ಬಿದ್ದ ನೀರು ಹಳ್ಳ, ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಂದ ಮತ್ತೆ ಆವಿ. ಇದೇ ಜಲಚಕ್ರ.

ಚಕ್ರ ಅಂದಮೇಲೆ ನೀರು ಗಾಣದ ಎತ್ತಿನ ಹಾಗೆ ಒಂದೇ ದಾರಿಯಲ್ಲಿ ಸುತ್ತುತ್ತದಾ?

ಇಲ್ಲ. ಇದನ್ನು ಚೆನ್ನಾಗಿ ನೆನಪಿಡಿ, ಯಾಕೆಂದರೆ ಚಿತ್ರ ನೋಡಿದರೆ ಹಾಗೇ ಅನಿಸುತ್ತದೆ. ಒಂದು ಹನಿ ನಿಮ್ಮ ತೋಟದ ಅಡಿಕೆ ಸೋಗೆಯ ಮೇಲೆ ಬಿದ್ದು, ಕೆಳಗಿಳಿಯುವ ಮೊದಲೇ ಆರಿಹೋಗಬಹುದು. ಇನ್ನೊಂದು ಹನಿ ಹಂಚಿನಿಂದ ಜಾರಿ, ಅಂಗಳ ದಾಟಿ, ಹಳ್ಳ ಸೇರಿ, ಕೆಲವೇ ದಿನಗಳಲ್ಲಿ ಸಮುದ್ರ ಮುಟ್ಟಬಹುದು. ಮತ್ತೊಂದು ಮಣ್ಣಿಗೆ ಇಳಿದು, ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಿರಬಹುದು. ಒಂದನ್ನು ದನ ಕುಡಿಯುತ್ತದೆ. ಒಂದನ್ನು ಮರ ಹೀರುತ್ತದೆ. ಮೇಲೆ ಹೋದ ಆವಿ ಮಾತ್ರ ಗಾಳಿಯಲ್ಲಿ ಜಾಸ್ತಿ ದಿನ ಇರುವುದಿಲ್ಲ. ಸರಾಸರಿ ಒಂಬತ್ತು ಹತ್ತು ದಿನ, ಅಷ್ಟೇ.

ನನಗೆ ಕೇಳಿದರೆ ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ?

ಒಲೆ ಹಚ್ಚದೆ ಅಂಗಳದ ನೀರು ಹೇಗೆ ಆವಿಯಾಯಿತು?

ಆವಿಯಾಗಲು ನೀರು ಕುದಿಯಲೇಬೇಕು ಅಂತಿಲ್ಲ. ತಣ್ಣಗಿನ ನೀರೂ ಸ್ವಲ್ಪ ಸ್ವಲ್ಪವಾಗಿ ಗಾಳಿಗೆ ಸೇರುತ್ತಲೇ ಇರುತ್ತದೆ. ಬಿಸಿಲು, ಗಾಳಿ ಇದ್ದರೆ ಬೇಗ. ಇಲ್ಲದಿದ್ದರೆ ನಿಧಾನ. ನೀರು ಜಾಸ್ತಿ ಜಾಗಕ್ಕೆ ಹರಡಿಕೊಂಡಿದ್ದರೂ ಬೇಗ ಆರುತ್ತದೆ. ಅದಕ್ಕೇ ಅಮ್ಮ ಬಟ್ಟೆ ಒಣಹಾಕುವಾಗ ಕೊಡವಿ, ಬಿಡಿಸಿ ಹಾಕುತ್ತಾರೆ. ಮುದ್ದೆ ಮಾಡಿ ಇಟ್ಟರೆ ಒಣಗುವುದಿಲ್ಲ, ಅಲ್ವಾ?

ಕಡುಬು ಬೇಯಿಸುವಾಗ ಬರುವ ಬಿಳಿ ಹೊಗೆಯೇ ಆವಿ ತಾನೇ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಆದರೆ ನಿಜವಾದ ಆವಿ ಕಣ್ಣಿಗೆ ಕಾಣುವುದಿಲ್ಲ. ಕಡುಬಿನ ಪಾತ್ರೆಯ ಮುಚ್ಚಳದ ಸಂದಿಯನ್ನು ದೂರ ನಿಂತು ಗಮನಿಸಿ. ಸಂದಿಯ ಹತ್ತಿರ ಸ್ವಲ್ಪ ಜಾಗ ಖಾಲಿ ಇದ್ದ ಹಾಗೆ ಕಾಣುತ್ತದೆ. ಅಲ್ಲಿರುವುದೇ ಆವಿ. ಅದು ಹೊರಗಿನ ತಂಪು ಗಾಳಿಗೆ ತಾಗಿದಾಗ ಪುಟ್ಟ ಪುಟ್ಟ ನೀರಿನ ಹನಿಗಳಾಗುತ್ತದೆ. ಬಿಳಿ ಹೊಗೆ ಅಂತ ನಾವು ಕರೆಯುವುದು ಆ ಹನಿಗಳನ್ನು. ಅಂದರೆ ಅಡುಗೆಮನೆಯಲ್ಲಿ ಒಂದು ಚಿಕ್ಕ ಮೋಡ ಹುಟ್ಟಿದೆ.

ಮುಚ್ಚಳ ತೆಗೆದರೆ ಒಳಬದಿಯಿಂದ ಹನಿ ತೊಟ್ಟಿಕ್ಕುತ್ತದೆ. ಮೋಡ ಆಯಿತು, ಮಳೆಯೂ ಆಯಿತು. ಮುಚ್ಚಳವನ್ನು ದೊಡ್ಡವರೇ ತೆಗೆಯಲಿ. ಆವಿ ತಾಗಿದರೆ ಕುದಿಯುವ ನೀರಿಗಿಂತ ಜೋರಾಗಿ ಸುಡುತ್ತದೆ.

ಮಳೆಗಾಲದಲ್ಲಿ ಬಟ್ಟೆ ಯಾಕೆ ಒಣಗುವುದೇ ಇಲ್ಲ?

ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಬಸ್ಸು ತುಂಬಿದಾಗ ಒಬ್ಬರು ಇಳಿದರೆ ಮಾತ್ರ ಇನ್ನೊಬ್ಬರು ಹತ್ತಬಹುದಲ್ಲ, ಹಾಗೆ. ಜುಲೈ ತಿಂಗಳಲ್ಲಿ ನಮ್ಮ ಗಾಳಿ ತುಂಬಿದ ಬಸ್ಸು. ಬಟ್ಟೆಯಿಂದ ಎಷ್ಟು ನೀರು ಗಾಳಿಗೆ ಹೋಗುತ್ತದೋ ಹೆಚ್ಚುಕಡಿಮೆ ಅಷ್ಟೇ ನೀರು ಗಾಳಿಯಿಂದ ಬಟ್ಟೆಗೆ ವಾಪಸ್ ಬರುತ್ತದೆ. ಹಾಗಾಗಿ ಯೂನಿಫಾರಂ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹೋಗುತ್ತದೆ, ನೀವು ಹೊಗೆ ವಾಸನೆ ಹೊತ್ತು ಶಾಲೆಗೆ ಬರುತ್ತೀರಿ.

ಗಾಳಿಯಲ್ಲಿ ನೀರಿದೆ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಅಡುಗೆಮನೆಗೆ ಹೋಗಿ. ಉಪ್ಪಿನ ಭರಣಿಯಲ್ಲಿ ಉಪ್ಪು ನೀರು ಬಿಟ್ಟಿರುತ್ತದೆ. ಕರಿದ ಹಪ್ಪಳ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಮರದ ಬಾಗಿಲು ಉಬ್ಬಿ, ತಳ್ಳಿದರೂ ಮುಚ್ಚುವುದಿಲ್ಲ. ಯಾರೂ ನೀರು ಹೊಯ್ಯಲಿಲ್ಲ. ಗಾಳಿಯೇ ತಂದು ಕೊಟ್ಟದ್ದು.

ಸಮುದ್ರದ ನೀರು ಉಪ್ಪು. ಮಳೆ ನೀರು ಯಾಕೆ ಉಪ್ಪಲ್ಲ?

ಆವಿಯಾಗುವಾಗ ನೀರು ಮಾತ್ರ ಏಳುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆ ಅನ್ನುವ ಊರಿದೆ. ಅಲ್ಲಿ ಸಮುದ್ರದ ನೀರನ್ನು ಗದ್ದೆಯಂಥ ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಾರೆ. ಮಡಿಯಲ್ಲಿ ಉಳಿದ ಉಪ್ಪು ಅಂಗಡಿಗೆ ಬರುತ್ತದೆ. ಮೇಲೆದ್ದ ನೀರು ಗಾಳಿಗೆ ಸೇರಿ, ಮುಂದೆ ಎಲ್ಲೋ ಮಳೆಯಾಗುತ್ತದೆ. ಒಂದು ತಟ್ಟೆಗೆ ಎರಡು ಚಮಚ ಉಪ್ಪು ನೀರು ಹಾಕಿ ಬಿಸಿಲಿಗಿಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ.

ಮೋಡದಲ್ಲಿ ಅಷ್ಟು ನೀರಿದ್ದರೂ ಅದು ಧೊಪ್ಪನೆ ಕೆಳಗೆ ಬೀಳುವುದಿಲ್ಲ ಯಾಕೆ?

ಮೋಡದ ಹನಿ ತುಂಬಾ ಚಿಕ್ಕದು. ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು. ಅಷ್ಟು ಚಿಕ್ಕ ಹನಿ ತೀರಾ ನಿಧಾನವಾಗಿ ಇಳಿಯುತ್ತದೆ. ಕೆಳಗಿನಿಂದ ಏಳುವ ಗಾಳಿ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಭತ್ತ ತೂರುವಾಗ ಹೊಟ್ಟು ಹಾರುತ್ತದೆ, ಕಾಳು ಬೀಳುತ್ತದೆ ಅಲ್ವಾ? ಮೋಡದ ಹನಿ ಹೊಟ್ಟಿನ ಹಾಗೆ. ಹನಿಗಳು ಒಂದಕ್ಕೊಂದು ಸೇರಿ ಕಾಳಿನಷ್ಟು ತೂಕ ಬಂದಾಗ ಬೀಳುತ್ತವೆ. ಒಂದು ಮಳೆಹನಿ ಆಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಸೇರಬೇಕು.

ಇನ್ನೊಂದು ವಿಷಯ. ಆವಿ ಹನಿಯಾಗಲು ಹಿಡಿದುಕೊಳ್ಳುವುದಕ್ಕೆ ಏನಾದರೂ ಬೇಕು. ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣ, ಸಮುದ್ರದ ಅಲೆಯಿಂದ ಎದ್ದ ಉಪ್ಪಿನ ಕಣ, ಇವುಗಳ ಮೇಲೆ ಆವಿ ಕೂತು ಹನಿಯಾಗುತ್ತದೆ.

ಬೆಳಿಗ್ಗೆ ಬರುವ ಮಂಜು ಏನು?

ನೆಲಕ್ಕೆ ಇಳಿದ ಮೋಡ. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಮಂಜಿನೊಳಗೆ ನಡೆದು ಶಾಲೆಗೆ ಹೋಗುವ ಮಕ್ಕಳು ಮೋಡದೊಳಗೆ ನಡೆಯುತ್ತಿದ್ದಾರೆ. ಹುಲ್ಲಿನ ಮೇಲಿನ ಇಬ್ಬನಿ ಬೇರೆ. ಅದು ಮೇಲಿನಿಂದ ಬಿದ್ದದ್ದಲ್ಲ. ರಾತ್ರಿ ಹುಲ್ಲು ತಣ್ಣಗಾದಾಗ ಪಕ್ಕದ ಗಾಳಿಯಲ್ಲಿದ್ದ ಆವಿ ಅದರ ಮೇಲೇ ಹನಿಯಾಗುತ್ತದೆ.

ಆಗುಂಬೆಯಲ್ಲಿ ಅಷ್ಟು ಮಳೆ, ಶಿವಮೊಗ್ಗದಲ್ಲಿ ಯಾಕೆ ಅಷ್ಟಿಲ್ಲ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಎರಡೂ ಒಂದೇ ಜಿಲ್ಲೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವಷ್ಟು ಹತ್ತಿರ.

ಕಾರಣ ಘಟ್ಟ. ಜೂನ್ ಬಂತೆಂದರೆ ಅರಬ್ಬಿ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಸಾವಿರಾರು ಕಿಲೋಮೀಟರ್ ನೀರಿನ ಮೇಲೆ ಬಂದ ಗಾಳಿ ಅದು, ಹೊಟ್ಟೆ ತುಂಬಾ ಆವಿ. ಕರಾವಳಿ ದಾಟುತ್ತಿದ್ದ ಹಾಗೆ ಎದುರಿಗೆ ಪಶ್ಚಿಮ ಘಟ್ಟ ಗೋಡೆಯ ಹಾಗೆ ನಿಂತಿದೆ. ಪಕ್ಕಕ್ಕೆ ಹೋಗಲು ದಾರಿ ಇಲ್ಲ. ಹಾಗಾಗಿ ಮೇಲೆ ಹತ್ತುತ್ತದೆ. ಮೇಲೆ ಹೋದಷ್ಟೂ ಚಳಿ. ಒಂದು ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಕಡಿಮೆ. ತಣ್ಣಗಾದ ಗಾಳಿ ಅಷ್ಟು ಆವಿ ಹಿಡಿದಿಟ್ಟುಕೊಳ್ಳಲಾರದು. ಘಟ್ಟದ ನೆತ್ತಿಯ ಮೇಲೇ ಸುರಿಸಿಬಿಡುತ್ತದೆ. ಆಗುಂಬೆ ಇರುವುದು ಸರಿಯಾಗಿ ಆ ನೆತ್ತಿಯ ಮೇಲೆ. ಆಕಾಶ ತಿಳಿಯಾಗಿದ್ದ ಸಂಜೆ ಅಲ್ಲಿ ನಿಂತರೆ ದೂರದಲ್ಲಿ ಸಮುದ್ರ ಕಾಣುತ್ತದೆ. ಆವಿ ಹೊರಟ ಜಾಗ, ಅದು ಮಳೆಯಾದ ಜಾಗ, ಎರಡನ್ನೂ ಒಂದೇ ಕಡೆ ನಿಂತು ನೋಡಿದ ಹಾಗೆ.

ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಗಾಳಿಯ ಚೀಲ ಅರ್ಧ ಖಾಲಿ. ತೀರ್ಥಹಳ್ಳಿಗೆ ಸ್ವಲ್ಪ ಕಡಿಮೆ, ಶಿವಮೊಗ್ಗಕ್ಕೆ ಇನ್ನೂ ಕಡಿಮೆ, ಚಿತ್ರದುರ್ಗದ ಕಡೆಗೆ ತೀರಾ ಕಡಿಮೆ. ಚಳ್ಳಕೆರೆಯ ಮಕ್ಕಳು ಮಳೆಗೆ ಕಾಯುವ ದಿನವೇ ನಾವು ಮಳೆ ರಜೆ ಸಿಕ್ಕಿತು ಅಂತ ಮನೆಯಲ್ಲಿ ಕೂತಿರುತ್ತೇವೆ.

ನೂರು ಮಿಲಿಮೀಟರ್ ಮಳೆ ಅಂದರೆ ಎಷ್ಟು? ಮಳೆಯನ್ನು ಸ್ಕೇಲಿನಲ್ಲಿ ಅಳೆಯುತ್ತಾರಾ?

ಹೌದು, ಉದ್ದದಲ್ಲೇ ಅಳೆಯುತ್ತಾರೆ. ಬಿದ್ದ ಮಳೆ ಹರಿಯದೆ, ಇಂಗದೆ, ಆರದೆ ಅಲ್ಲೇ ನಿಂತಿದ್ದರೆ ಎಷ್ಟು ಎತ್ತರ ಇರುತ್ತಿತ್ತೋ ಅದೇ ಲೆಕ್ಕ. ಆಗುಂಬೆಯ ಒಂದು ವರ್ಷದ ಮಳೆ ಹಾಗೆ ನಿಂತರೆ ಏಳು ಮೀಟರ್ ದಾಟುತ್ತದೆ. ನಮ್ಮ ಹಂಚಿನ ಮನೆಗಳು ಪೂರ್ತಿ ಮುಳುಗುತ್ತವೆ.

ಇದರಲ್ಲಿ ಒಂದು ಸುಲಭದ ಲೆಕ್ಕ ಇದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು ನೂರು ಚದರ ಮೀಟರ್ ಜಾಗ ಮುಚ್ಚಿದೆ ಅಂದುಕೊಳ್ಳಿ. ಒಂದು ದಿನ ನೂರು ಮಿಲಿಮೀಟರ್ ಮಳೆ ಬಂದರೆ ಸೂರಿನಿಂದ ಹತ್ತು ಸಾವಿರ ಲೀಟರ್ ಇಳಿಯುತ್ತದೆ. ಈ ಲೆಕ್ಕ ಮಾಡಿಸಿದ ದಿನ ಐದನೇ ತರಗತಿ ಒಂದು ನಿಮಿಷ ಸುಮ್ನೆ ಕೂತಿತ್ತು.

ನೀವೂ ಅಳೆಯಬಹುದು. ಅಡಿ ಸಪಾಟಾಗಿರುವ, ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬಿ ತನ್ನಿ. ಮರದಿಂದ, ಸೂರಿನಿಂದ ದೂರ, ಬಯಲಿನಲ್ಲಿ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ ಬರೆದಿಡಿ, ನೀರು ಚೆಲ್ಲಿ ಮತ್ತೆ ಇಡಿ. ಹವಾಮಾನ ಇಲಾಖೆಯವರು ಅಳೆಯುವುದೂ ಎಂಟೂವರೆಗೇ. ಡಬ್ಬಿ ದೊಡ್ಡದಿದ್ದರೂ ಚಿಕ್ಕದಿದ್ದರೂ ಸ್ಕೇಲ್ ತೋರಿಸುವುದು ಒಂದೇ. ಯಾಕೆ ಅಂತ ಯೋಚನೆ ಮಾಡಿ.

ಅಜ್ಜ ಆರಿದ್ರಾ ಮಳೆ, ಪುಷ್ಯ ಮಳೆ ಅನ್ನುತ್ತಾರೆ. ಅವು ಬೇರೆ ಬೇರೆ ಮಳೆಯಾ?

ಮಳೆ ಅದೇ, ಹೆಸರು ದಿನಗಳದ್ದು. ನಕ್ಷತ್ರಗಳು 27. ವರ್ಷವನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಜೂನ್ ಎರಡನೇ ವಾರಕ್ಕೆ ಮೃಗಶಿರಾ, ಜೂನ್ ಕೊನೆಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷಾ. ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ರೈತರು ಬಿತ್ತನೆ, ನಾಟಿ ಎಲ್ಲವನ್ನೂ ಈ ಹೆಸರುಗಳ ಮೇಲೇ ನೆನಪಿಟ್ಟುಕೊಂಡರು. 'ಭರಣಿ ಮಳೆ ಬಿದ್ದರೆ ಧರಣಿಯೆಲ್ಲಾ ಬೆಳೆ' ಅಂತ ಗಾದೆ ಕೇಳಿದ್ದೀರಲ್ಲ, ಆ ಭರಣಿ ಬೇಸಿಗೆಯ ಕೊನೆಯಲ್ಲಿ ಬರುವ ಮಳೆ. ನಕ್ಷತ್ರ ಮಳೆ ತರುವುದಿಲ್ಲ. ಆದರೆ ಯಾವ ಹದಿನೈದು ದಿನದಲ್ಲಿ ಎಂಥ ಮಳೆ ಅನ್ನುವುದನ್ನು ತಲೆಮಾರುಗಟ್ಟಲೆ ನೋಡಿ ಇಟ್ಟ ಲೆಕ್ಕ ಅದು. ಅಜ್ಜನ ಹತ್ತಿರ ಕೂತು ಎಲ್ಲ ಹೆಸರೂ ಬರೆದುಕೊಳ್ಳಿ.

ನಮ್ಮ ಮನೆ ಸೂರಿನ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಮಲೆನಾಡಿನಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ.

ನಮ್ಮ ತಾಲ್ಲೂಕಿನಲ್ಲೇ ಅಂಬುತೀರ್ಥ ಇದೆ. ಶರಾವತಿ ಹುಟ್ಟುವುದು ಅಲ್ಲಿ. ರಾಮ ಬಾಣ ಬಿಟ್ಟು ನೀರು ತರಿಸಿದ, ಶರದಿಂದ ಬಂದವಳು ಶರಾವತಿ ಅಂತ ಕಥೆ ಹೇಳುತ್ತಾರೆ. ಆ ನೀರು ಲಿಂಗನಮಕ್ಕಿಗೆ ಹೋಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಆಗುಂಬೆ ಕಡೆಯ ಸೀತಾನದಿಯೂ ಘಟ್ಟ ಇಳಿದು ಅದೇ ಸಮುದ್ರಕ್ಕೆ ಹೋಗುತ್ತದೆ.

ತುಂಗೆ ಹಾಗಲ್ಲ. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯ ಜೊತೆ ಸೇರುತ್ತದೆ. ಆಮೇಲೆ ಅದರ ಹೆಸರು ತುಂಗಭದ್ರಾ. ಹೊಸಪೇಟೆ ದಾಟಿ, ಕೃಷ್ಣೆಯ ಜೊತೆಗೂಡಿ, ಆಂಧ್ರದ ಕೊನೆಯವರೆಗೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತದೆ.

ಈಗ ಯೋಚಿಸಿ. ಎರಡರ ನಡುವಿನ ಗುಡ್ಡದ ನೆತ್ತಿಯ ಮೇಲೆ ಎರಡು ಹನಿ ಅಕ್ಕಪಕ್ಕ ಬೀಳುತ್ತವೆ. ನಡುವೆ ಒಂದು ಮಾರು ಅಂತರ. ಒಂದು ಆ ಕಡೆ ಜಾರಿದರೆ ಹೊನ್ನಾವರ. ಇನ್ನೊಂದು ಈ ಕಡೆ ಜಾರಿದರೆ ದೇಶದ ಇನ್ನೊಂದು ಬದಿ. ಎರಡೂ ಬಂದದ್ದು ಒಂದೇ ಮೋಡದಿಂದ.

ನಿಮ್ಮ ಸೂರಿನ ನೀರು ಎಲ್ಲಿಗೆ ಅಂತ ತಿಳಿಯಲು ಅಂಗಳದ ಚರಂಡಿಯಿಂದ ಶುರು ಮಾಡಿ. ಅದು ಯಾವ ಹಳ್ಳಕ್ಕೆ? ಆ ಹಳ್ಳ ಯಾವ ಹೊಳೆಗೆ? ಮನೆಯವರನ್ನು, ನೆರೆಯವರನ್ನು ಕೇಳುತ್ತಾ ಹೋಗಿ. ಮಳೆಗಾಲದಲ್ಲಿ ಮಾತ್ರ ಹಳ್ಳದ ಹತ್ತಿರ ಒಬ್ಬರೇ ಹೋಗಬೇಡಿ.

ಶಿವಮೊಗ್ಗದ ಮಕ್ಕಳಿಗೆ ತುಂಗೆಯಲ್ಲೇ ಒಂದು ಅಳತೆಗೋಲು ಇದೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿರುವ ಮಂಟಪ. ಅದು ಮುಳುಗಿದ ದಿನ ಊರಿಗೆ ಊರೇ ನೋಡಲು ಬರುತ್ತದೆ. ಆ ದಿನ ಪೇಟೆಯಲ್ಲಿ ಬರೀ ತುಂತುರು ಇರಬಹುದು. ಮಂಟಪ ಮುಳುಗಿಸಿದ ಮಳೆ ಬಿದ್ದದ್ದು ಮೇಲೆ, ಶೃಂಗೇರಿ, ಆಗುಂಬೆ ಕಡೆ.

ಜೋಗದ ನೀರಿನಿಂದ ಕರೆಂಟು ಬರುತ್ತದಂತೆ. ನೀರಿಗೆ ಅಷ್ಟು ಶಕ್ತಿ ಕೊಟ್ಟವರು ಯಾರು?

ಸೂರ್ಯ. ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಬೀಳುತ್ತದೆ. ಆ ಕಡೆಯ ವಿದ್ಯುದಾಗಾರಗಳಲ್ಲಿ ಹೀಗೆ ಎತ್ತರದಿಂದ ಇಳಿಯುವ ನೀರೇ ಚಕ್ರ ತಿರುಗಿಸುವುದು. ಆದರೆ ಬೀಳಬೇಕಾದರೆ ಮೊದಲು ಯಾರಾದರೂ ಮೇಲೆ ಹೊತ್ತು ತರಬೇಕಲ್ಲ? ಬಾವಿಯಿಂದ ಒಂದು ಕೊಡ ಎತ್ತಿದರೇ ಕೈ ನೋಯುತ್ತದೆ. ಸಮುದ್ರದ ಮಟ್ಟದಿಂದ ಇಡೀ ಹೊಳೆಯನ್ನು ಘಟ್ಟದ ಮೇಲಕ್ಕೆ ಎತ್ತಿದ್ದು ಬಿಸಿಲು. ರಾತ್ರಿ ನೀವು ಓದುವ ಬಲ್ಬಿನಲ್ಲಿ ಆ ಬಿಸಿಲಿನ ಒಂದು ಪಾಲು ಇದೆ.

ಇಷ್ಟು ಮಳೆ ಬಂದರೂ ಏಪ್ರಿಲ್ ತಿಂಗಳಲ್ಲಿ ನಮ್ಮ ಬಾವಿ ಯಾಕೆ ಒಣಗುತ್ತದೆ?

ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಕೇಳಿದ ಮಗುವಿನ ಮನೆಯಲ್ಲಿ ಆಗ ದೂರದಿಂದ ನೀರು ಹೊರುತ್ತಿರುತ್ತಾರೆ.

ನಮ್ಮ ಮಳೆಯ ಹೆಚ್ಚು ಪಾಲು ನಾಲ್ಕೇ ತಿಂಗಳಲ್ಲಿ ಬಂದು ಮುಗಿಯುತ್ತದೆ. ನಮ್ಮದು ಇಳಿಜಾರಿನ ನೆಲ. ನೀರು ನಿಲ್ಲುವುದಿಲ್ಲ, ಓಡುತ್ತದೆ. ಬಾವಿಗೆ ಬರುವುದು ಓಡಿದ ನೀರಲ್ಲ, ನಿಂತು ಇಂಗಿದ ನೀರು.

ನೀರನ್ನು ಯಾರು ನಿಲ್ಲಿಸುತ್ತಾರೆ? ಕಾಡಿಗೆ ಹೋಗಿ ನೆಲ ನೋಡಿ. ಮೊದಲು ಎಲೆಗಳು ಹನಿಯ ಪೆಟ್ಟು ತಡೆಯುತ್ತವೆ. ಕೆಳಗೆ ದರಗು ದಪ್ಪಗೆ ಹಾಸಿರುತ್ತದೆ. ಅದರ ಅಡಿಯ ಮಣ್ಣು ಮೆತ್ತಗೆ, ಬೇರು ಮತ್ತು ಎರೆಹುಳ ಮಾಡಿದ ತೂತುಗಳು ತುಂಬಿರುತ್ತವೆ. ನೀರು ಅಲ್ಲಿ ಇಳಿಯುತ್ತದೆ, ಜಂಬಿಟ್ಟಿಗೆ ಕಲ್ಲಿನ ಸಂದಿ ಹಿಡಿದು ಮೆಲ್ಲಗೆ ಸಾಗುತ್ತದೆ. ತಿಂಗಳುಗಳ ಮೇಲೆ ಎಲ್ಲೋ ಕೆಳಗೆ ಒರತೆಯಾಗಿ ಏಳುತ್ತದೆ. ಮಳೆ ನಿಂತು ಎಷ್ಟೋ ದಿನವಾದರೂ ಅಬ್ಬಿ ನೀರು ದಬ್ಬೆಯಲ್ಲಿ ಬರುತ್ತಿರುವುದು ಹೀಗೆ.

ಗುಡ್ಡ ಬೋಳಾದರೆ ಅದೇ ಮಳೆ ಮಣ್ಣನ್ನು ಹೊತ್ತು ಓಡುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮೇಲಿನ ಹಳ್ಳ ಮಾರ್ಚ್ ತನಕ ಹರಿಯುತ್ತಿತ್ತು. ಅದರ ನೆತ್ತಿಯ ಗುಡ್ಡವನ್ನು ಸಮ ಮಾಡಿದ ಮೇಲೆ ಸಂಕ್ರಾಂತಿಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾತ್ರ ಮೊದಲಿಗಿಂತ ಜೋರು, ಮೊದಲಿಗಿಂತ ಕೆಂಪು. ಆ ಹಳ್ಳ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನೀವು ಒಂದು ಕೆಲಸ ಮಾಡಿ. ಜೋರು ಮಳೆ ಬಂದ ಮರುದಿನ ಊರಿನ ಹಳ್ಳಗಳ ಬಣ್ಣವನ್ನು ಸಂಕದ ಮೇಲೆ ದೊಡ್ಡವರ ಜೊತೆ ನಿಂತು ನೋಡಿ. ತಿಳಿಯಾಗಿ ಬರುವ ಹಳ್ಳದ ಮೇಲ್ಗಡೆ ಏನಿದೆ, ಕೆಂಪಾಗಿ ಬರುವ ಹಳ್ಳದ ಮೇಲ್ಗಡೆ ಏನಿದೆ ಅಂತ ಬರೆದುಕೊಳ್ಳಿ.

ಇಂಗುಗುಂಡಿ ತೋಡುವುದು, ಹಳೇ ಕೆರೆಯ ಹೂಳು ತೆಗೆಯುವುದು, ಸೂರಿನ ನೀರನ್ನು ಸೋಸಿ ಬಾವಿಗೆ ಬಿಡುವುದು, ಎಲ್ಲವೂ ಓಡುವ ನೀರನ್ನು ಸ್ವಲ್ಪ ಹೊತ್ತು ಕೂರಿಸುವ ಉಪಾಯಗಳು.

ಮರ ಮಳೆ ತರುತ್ತದಾ?

ಮಳೆಗಾಲದಲ್ಲಿ ನಮಗೆ ಬರುವ ಮಳೆಯ ದೊಡ್ಡ ಪಾಲು ಸಮುದ್ರದ್ದು. ಆದರೆ ಮರಗಳೂ ನೀರನ್ನು ಗಾಳಿಗೆ ಕೊಡುತ್ತವೆ. ಬೇರಿನಿಂದ ಹೀರಿದ ನೀರಿನ ಬಹುಪಾಲು ಎಲೆಯ ಸಣ್ಣ ತೂತುಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಆ ಆವಿ ಮುಂದೆ ಎಲ್ಲಾದರೂ ಮತ್ತೆ ಮಳೆಯಾಗುತ್ತದೆ.

ಆಲಿಕಲ್ಲು ಬೇಸಿಗೆಯಲ್ಲೇ ಯಾಕೆ ಬೀಳುತ್ತದೆ?

ನೆಲ ಚೆನ್ನಾಗಿ ಕಾದಾಗ ಗಾಳಿ ಜೋರಾಗಿ ಮೇಲೇಳುತ್ತದೆ. ಮಳೆಹನಿಯನ್ನೂ ತುಂಬಾ ಎತ್ತರಕ್ಕೆ ಹೊತ್ತೊಯ್ಯುತ್ತದೆ. ಅಲ್ಲಿ ಹನಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಮತ್ತೆ ನೀರು ಅಂಟಿ, ಅದೂ ಹೆಪ್ಪುಗಟ್ಟಿ, ಗಾಳಿ ಹೊರಲಾರದಷ್ಟು ತೂಕವಾದಾಗ ಬೀಳುತ್ತದೆ. ಹೆಕ್ಕಲು ಓಡಬೇಡಿ. ಆ ಮೋಡದಲ್ಲಿ ಸಿಡಿಲೂ ಇರುತ್ತದೆ.

ನೀರು ಸುತ್ತುತ್ತಲೇ ಇರುತ್ತದೆ ಅಂದಮೇಲೆ ಮುಗಿಯುವುದಿಲ್ಲ. ಮತ್ತೆ ಯಾಕೆ ಉಳಿಸಬೇಕು?

ಭೂಮಿಯ ಮೇಲೆ ನೀರು ಕಡಿಮೆಯಾಗುವುದಿಲ್ಲ, ನಿಜ. ಡೈನೋಸಾರ್ ಕುಡಿದ ನೀರೇ ಇಂದು ನಮ್ಮ ಲೋಟದಲ್ಲಿ ಇರಬಹುದು. ಆದರೆ ಭೂಮಿಯ ಎಲ್ಲ ನೀರನ್ನು ನೂರು ಲೀಟರಿನ ಒಂದು ಹಂಡೆಗೆ ತುಂಬಿದೆವು ಅಂದುಕೊಳ್ಳಿ. ಅದರಲ್ಲಿ ಸುಮಾರು 97 ಲೀಟರ್ ಸಮುದ್ರದ ಉಪ್ಪು ನೀರು. ಉಳಿದದ್ದರಲ್ಲಿ ಮುಕ್ಕಾಲಿನ ಹತ್ತಿರ ಹಿಮವಾಗಿ ಗಟ್ಟಿಯಾಗಿದೆ. ಮಿಕ್ಕಿದ್ದು ಹೆಚ್ಚಾಗಿ ನೆಲದ ಅಡಿಯಲ್ಲಿ. ಎಲ್ಲ ನದಿ, ಕೆರೆಗಳ ನೀರು ಸೇರಿಸಿದರೆ ಎರಡು ಮೂರು ಚಮಚ. ಆ ಚಮಚದ ನೀರು ಬೇಕಾದ ಹೊತ್ತಿಗೆ, ಬೇಕಾದ ಜಾಗದಲ್ಲಿ, ಕೊಳೆಯಾಗದೆ ಸಿಗಬೇಕು. ಉಳಿಸುವುದು ಅಂದರೆ ಅದನ್ನು.

ಪರೀಕ್ಷೆಯಲ್ಲಿ ಯಾವ ಪದ ಬರೆಯಬೇಕು?

ನೀರು ಆವಿಯಾಗುವುದು ಬಾಷ್ಪೀಕರಣ. ಎಲೆಯಿಂದ ಆವಿ ಹೋಗುವುದು ಬಾಷ್ಪವಿಸರ್ಜನೆ. ಆವಿ ಹನಿಯಾಗುವುದು ಸಾಂದ್ರೀಕರಣ. ನೆಲದ ಅಡಿಯ ನೀರು ಅಂತರ್ಜಲ. ಪದ ಮರೆತರೆ ಏನಾಗುತ್ತದೆ ಅನ್ನುವುದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ನಾನಂತೂ ಅಂಕ ಕೊಡುತ್ತೇನೆ.

ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಹೇಳಿ ಟೀಚರ್.

ಮಳೆ ಇಲ್ಲದ, ಬಿಸಿಲಿರುವ ದಿನ ನೋಡಿಕೊಳ್ಳಿ. ದಾಸವಾಳದ ಗಿಡದಲ್ಲಿ ಎಲೆ ಜಾಸ್ತಿ ಇರುವ ಒಂದು ಕೊಂಬೆ ಆರಿಸಿ. ಎಲೆಗಳು ಒದ್ದೆ ಇರಬಾರದು. ಒಣಗಿದ, ತೂತಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ಕೊಂಬೆಗೆ ತೊಡಿಸಿ, ಬಾಯಿಯನ್ನು ಬಾಳೆ ನಾರಿನಿಂದ ಬಿಗಿಯಾಗಿ ಕಟ್ಟಿ. ಬೆಳಿಗ್ಗೆ ಕಟ್ಟಿದರೆ ಮಧ್ಯಾಹ್ನ ಊಟಕ್ಕೆ ಬರುವ ಹೊತ್ತಿಗೆ ಕವರಿನ ಒಳಗೆ ಮಬ್ಬು ಕಾಣುತ್ತದೆ. ಸಂಜೆಗೆ ಕೆಳಗಿನ ಮೂಲೆಯಲ್ಲಿ ನೀರು ಸೇರಿರುತ್ತದೆ. ಅದನ್ನು ಚಮಚದಲ್ಲಿ ಅಳೆದು ನೋಟ್ ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಕವರ್ ಬಿಚ್ಚಿಬಿಡಿ, ರಾತ್ರಿಯಿಡೀ ಕಟ್ಟಿಟ್ಟರೆ ಎಲೆಗೆ ಕಷ್ಟ. ಮರುದಿನ ನೆರಳಿನಲ್ಲಿರುವ ಕೊಂಬೆಗೆ ಕಟ್ಟಿ, ಎರಡರ ಅಳತೆ ಹೋಲಿಸಿ. ಸಂಜೆಯಾದರೂ ಹನಿ ಕಾಣದಿದ್ದರೆ ಕವರಿನ ಬಾಯಿ ಸಡಿಲ ಆಗಿದೆ ಅಂತ ಅರ್ಥ. ಇನ್ನೊಂದು ಸುತ್ತು ಸುತ್ತಿ ಕಟ್ಟಿ.